ಎರಡು ಅಂಕ ಕಡಿಮೆ

ಆಗಸ್ಟಿನ ಗುರುವಾರ, ಪೊವಾಯಿಯ ಶಾಲೆಯಲ್ಲಿ
ನಾನು ಬಾಗಿಲು ಹಾಕಿಕೊಂಡು ಕೂರುತ್ತೇನೆ.
ಪರೀಕ್ಷಾ ವಿಭಾಗ ಎಂದು ಬರೆದ ಬೋರ್ಡಿನ ಹಿಂದೆ
ಒಂದು ಪ್ರಿಂಟರು, ಕಿರಗುಟ್ಟುವ ಫ್ಯಾನು, ಪೆನ್ಸಿಲ್ಲು, ನಾನು.
ಎಲ್ಲವನ್ನೂ ಯಂತ್ರವೇ ಕೂಡಿಸಿ ಕಳಿಸುತ್ತದೆ, ಗೊತ್ತು.
ಆದರೂ ಕೈಯಲ್ಲೊಮ್ಮೆ ಕೂಡಿಸದೆ
ಸಹಿ ಹಾಕಿದವಳಲ್ಲ.

ಮೃಣ್ಮಯಿ ಪೆಡ್ನೇಕರ್. ಹನ್ನೆರಡು ಕಾಗದ, ಎರಡು ವರ್ಷ.
ಜನವರಿ, ಜೂನ್, ಮತ್ತೆ ಜನವರಿ,
ಕೆಟ್ಟದ್ದನ್ನು ಇನ್ನೊಮ್ಮೆ ಬರೆದು ಮೇಲಾದದ್ದನ್ನು ಇಟ್ಟುಕೊಂಡು.
ಒಂದು ಬರಿಯ ಗಣಿತ, ಒಂದು ಮುಂದಿನ ಗಣಿತ,
ಒಂದೊಂದಕ್ಕೂ ಆರು ಕಾಗದ, ಆರುನೂರು ಅಂಕ,
ನಾನೂರ ಎಂಬತ್ತಕ್ಕೆ ಎ.
ಮೊದಲ ಮನೆಯಲ್ಲಿ ಶುದ್ಧ ಗಣಿತದ ನಾಲ್ಕು, ಮಾಲೀಕರು,
ಅಲುಗಾಡುವುದಿಲ್ಲ:
ತೊಂಬತ್ತಾರು, ತೊಂಬತ್ತು, ಎಂಬತ್ತೆಂಟು, ತೊಂಬತ್ತಮೂರು.
ಎರಡನೆಯದರಲ್ಲೂ ಹೀಗೇ ಮೂವರು.
ಉಳಿದ ಐದು ಬಾಡಿಗೆಯವು,
ಈ ಮನೆಯಲ್ಲೂ ಇರಬಹುದು, ಆ ಮನೆಯಲ್ಲೂ.

ನಿರ್ಧಾರ ಗಣಿತದ ತೊಂಬತ್ತೊಂದನ್ನು ಮೊದಲ ಮನೆಗೆ ಕರೆದರೆ
ಇಲ್ಲಿ ಹಬ್ಬ, ಪಕ್ಕದಲ್ಲಿ ಇಪ್ಪತ್ತೊಂದು ಕೊರತೆ.
ಆಚೆ ಕಳಿಸಿದೆ.
ಬದಲಿಗೆ ಯಾರೂ ಮಾತಾಡಿಸದ ಎರಡನ್ನು ಒಳಗೆ ಕರೆದೆ:
ಮೆಕ್ಯಾನಿಕ್ಸಿನ ಐವತ್ತೆಂಟು,
ಜ್ವರದಲ್ಲಿ ಬರೆದ ಸ್ಟ್ಯಾಟಿಸ್ಟಿಕ್ಸಿನ ಅರವತ್ತೊಂದು.
ನಾನೂರ ಎಂಬತ್ತಾರು. ಪಕ್ಕದಲ್ಲಿ ನಾನೂರ ಎಂಬತ್ತೊಂಬತ್ತು.
ಒಂದು ಅಂಕವೂ ಹೆಚ್ಚಾಗಲಿಲ್ಲ,
ಕೂತ ಜಾಗ ಬದಲಾಯಿತು.
ಶುದ್ಧದ ಕೊನೆಯೆರಡು ಸೇರಿ ನೂರ ಎಂಬತ್ತು ಆಗಬೇಕು ನಕ್ಷತ್ರಕ್ಕೆ;
ನೂರ ಎಂಬತ್ತೊಂದು ಆಗಿದೆ.
ಯಂತ್ರದ್ದೂ ಇದೇ ಉತ್ತರ.
"ಆ ಐವತ್ತೆಂಟು ಯಾರಿಗೂ ಕಾಣಬಾರದಿತ್ತು ಮ್ಯಾಮ್" ಅಂದಳು ಹುಡುಗಿ.
ಅದೇ ನಿನ್ನ ಎರಡನೆಯ ಎ ಕಾಪಾಡಿದ್ದು, ಅಂದರೆ
ನಂಬಲಿಲ್ಲ.

ಅಪ್ಪ ಸಸೂನ್ ಡಾಕಿನಲ್ಲಿ ಐಸು ತೂಗುತ್ತಿದ್ದರು.
ತೂಗಿ ಬರೆಯುವಷ್ಟರಲ್ಲಿ ಅರ್ಧ ಕಿಲೋ ನೀರು.
ಪಟ್ಟಿಯಲ್ಲಿರುವುದು ನಿಜವೋ ಬುಟ್ಟಿಯಲ್ಲಿರುವುದೋ
ಎಂದು ದಿನವೂ ಜಗಳ.
ಸಂಜೆ ಬಂಗುಡೆ ವಾಸನೆಯ ಕೈಯಲ್ಲೇ ಫೋರ್ಟಿನ ರಾತ್ರಿಶಾಲೆ.
ಅವರೂ ಕಂತಿನಲ್ಲಿ ಬರೆದವರೇ,
ಮಾರ್ಚಿಗೆ ಮೂರು ವಿಷಯ, ಅಕ್ಟೋಬರಿಗೆ ಎರಡು,
ಇಂಗ್ಲಿಷು ಮರುವರ್ಷ.
ಉಳಿದದ್ದು ಗಣಿತ.
ಇಪ್ಪತ್ತೊಂಬತ್ತು. ಮೂವತ್ತೊಂದು. ಮೂವತ್ತಮೂರು.
ಮೂವತ್ತೈದು ಬೇಕಿತ್ತು.
ಕೃಪಾಂಕ ಅಂತೊಂದು ಇದೆಯೆಂದು ಕೇಳಿದ್ದರಂತೆ,
ಅದು ಡಾಕಿನ ತನಕ ಬರಲಿಲ್ಲ.
ಕನ್ನಡದಲ್ಲಿ ಎಂಬತ್ತೊಂದಿತ್ತು.
ಅದರಲ್ಲಿ ಎರಡನ್ನು ಇತ್ತ ಸರಿಸಿ ಸ್ವಾಮಿ ಎಂದು
ಯಾವ ಕಿಟಕಿಗೆ ಹೋಗಿ ಕೇಳುವುದು?
ಆರು ಅಂಕಪಟ್ಟಿಗಳೂ ಪ್ಲಾಸ್ಟಿಕ್ಕಿನಲ್ಲಿವೆ, ರೇಷನ್ ಕಾರ್ಡಿನ ಜೊತೆ.
ಅವನ್ನು ಒಟ್ಟಿಗೆ ಯಾರೂ ಕೂಡಿಸಲಿಲ್ಲ.
ನಾನೂ.

ಕಾಂಜೂರ್‌ಮಾರ್ಗದಲ್ಲಿ ಸ್ಲೋ ಲೋಕಲ್ ಹಿಡಿದು ಮುಲುಂಡಿಗೆ ಬಂದರೆ
ತಾಟಿಟ್ಟುಕೊಂಡು ಕೂತಿರುತ್ತಾರೆ.
ಪ್ರತಿ ಆಗಸ್ಟಿನಲ್ಲೂ ಒಂದೇ ಪ್ರಶ್ನೆ.
ಎಷ್ಟು ಎ ಬಂತು ಎಂದಲ್ಲ.
"ಈ ಸಲ ಯಾರಿಗೆ ಎರಡು ಕಡಿಮೆಯಾಯ್ತು?"

ಹೋಷಂಗ್ ಭರೂಚಾ, ಅಂದೆ. ನಾನೂರ ಎಪ್ಪತ್ತೆಂಟು.
ಇದ್ದಬದ್ದ ಕಾಗದವನ್ನೆಲ್ಲ ಮನೆ ಬದಲಿಸಿ ನೋಡಿದೆ,
ಪೆನ್ಸಿಲ್ಲಿನ ಮೊನೆ ಮುರಿಯಿತು,
ಎಪ್ಪತ್ತೆಂಟೇ.

ಸ್ವಲ್ಪ ಹೊತ್ತು ಸುಮ್ಮನಿದ್ದರು.
"ಜನವರಿಯಲ್ಲಿ ಯಾವುದೊಂದನ್ನು ಬರೆದರೆ ಸಾಕು ಅಂತ
ಹೇಳಿದೆಯಲ್ಲ ಅವನಿಗೆ?"
ಹೇಳಿದೆ. ಚೀಟಿಯಲ್ಲಿ ಬರೆದೂ ಕೊಟ್ಟೆ.
"ಬಾಯಲ್ಲಿ ಹೇಳಿದ್ದು ಕರಗುತ್ತದೆ,
ಬರೆದು ಕೊಟ್ಟದ್ದು ಒಳ್ಳೆಯದಾಯ್ತು" ಎಂದು
ಮೀನಿನ ಮುಳ್ಳು ಒಂದೊಂದೇ ತೆಗೆದು
ತಾಟಿನ ಅಂಚಿಗೆ ಇಡತೊಡಗಿದರು.