ಬಟವಾಡೆ

ಮೆಷೀನಿಗೆ ಟವೆಲು ಸುತ್ತಿ ಹ್ಯಾಂಡಲಿಗೆ ತೂಗುಹಾಕಿ
ನಾಲೆ ಏರಿಯ ಮೇಲೆ ಸೈಕಲ್ಲು ತಳ್ಳುತ್ತ ಬರುತ್ತೇನೆ.
ಕಿರುಗಾವಲಿನಿಂದ ಒಳಗೆ ಮೂರು ಮೈಲಿ, ತಿಂಗಳ ಮೊದಲ ವಾರ.
ಹಾಲಿನ ಡೈರಿಯ ಜಗಲಿಯಲ್ಲಿ ಆಗಲೇ ಹನ್ನೊಂದು ಜನ
ಸೆರಗಿನ ಗಂಟಿನಲ್ಲಿ, ಚಡ್ಡಿಯ ಜೇಬಿನಲ್ಲಿ ಆಧಾರು ಇಟ್ಟುಕೊಂಡು
ಹೆಬ್ಬೆಟ್ಟು ಒರೆಸಿ ಒರೆಸಿ ಕಾಯುತ್ತಾರೆ.

ಮೊದಲೆಲ್ಲ ಮನಿಯಾರ್ಡರು.
ಎಣಿಸಿ ಕೊಟ್ಟರೆ, ನೋಟನ್ನು ಬಿಸಿಲಿಗೆ ಹಿಡಿದು ನೋಡಿ
ಹತ್ತು ರೂಪಾಯಿ ನನ್ನ ಜೇಬಿಗೆ ತುರುಕುತ್ತಿದ್ದರು, ಟೀಗೆ.
ಬೇಡ ಅನ್ನುತ್ತಿದ್ದೆ.
ಕೆಲವೊಮ್ಮೆ ಅನ್ನುತ್ತಿರಲಿಲ್ಲ.

ಈಗ ಸುಧಾರಣೆಯಾಗಿದೆ.
ನಡುವೆ ಯಾರೂ ತಿನ್ನಬಾರದು. ಸರಿಯೇ.
ಬೆರಳಗಲ ಗಾಜು, ಅದರಡಿ ಕೆಂಪು ಬೆಳಕು,
ಬದುಕಿದ್ದೇವೆಂದು ಅದಕ್ಕೆ ಒತ್ತಿ ಹೇಳಬೇಕು.

ಪುಟ್ಟತಾಯಮ್ಮ ಮೂರು ತಿಂಗಳಿಂದ ಒತ್ತುತ್ತಿದ್ದಾಳೆ.
ಹೆಬ್ಬೆಟ್ಟು, ತೋರು, ನಡು, ಉಂಗುರ; ಕಿರುಬೆರಳೂ ಆಯಿತು.
"ಹೊಂದಾಣಿಕೆ ಆಗ್ತಿಲ್ಲ ಕಣವ್ವ."
"ಯಾರ ಜೊತೇಲಿ?"
"ನಿನ್ ಜೊತೇಲೇ."
"ಹೊಂದ್ಕಂಡು ಹೊಂದ್ಕಂಡೇ ಇಂಗಾಗಿರದು, ಬುಡು."

ಗೆರೆ ಎಲ್ಲಿಂದ ಬರಬೇಕು?
ಮೂವತ್ತೆರಡು ಹಂಗಾಮು ಆಲೆಮನೆಯಲ್ಲಿ
ಹದ ಬಂದ ಪಾಕವನ್ನು ಅಚ್ಚಿಗೆ ತುಂಬಿ
ಆರುವ ಮೊದಲೇ ಹೆಬ್ಬೆಟ್ಟಿನಿಂದ ಒತ್ತಿದವಳು.
ಅವಳ ಗೆರೆಗಳೆಲ್ಲ ಬೆಲ್ಲದ ಬೆನ್ನೇರಿ
ಮಂಡ್ಯದ ಮಾರ್ಕೆಟ್ಟಿಗೆ ಹೋದವು, ಲಾರಿ ಹತ್ತಿದವು,
ಹೆಸರು ಗೊತ್ತಿಲ್ಲದ ಊರುಗಳ ಪಾಯಸದಲ್ಲಿ ಕರಗಿದವು.
ಎಷ್ಟು ನಾಲಿಗೆಗಳು ಅವಳ ಗುರುತು ಹಿಡಿದಿವೆಯೋ.
ಮೆಷೀನಿಗೆ ನಾಲಿಗೆ ಇಲ್ಲ.

ಕಣ್ಣಾದರೂ ತೋರಿಸೋಣವೆಂದರೆ ಎರಡಕ್ಕೂ ಪೊರೆ.
ದೊಡ್ಡಾಸ್ಪತ್ರೆಯಲ್ಲಿ ಹೇಳಿದ್ದಾರೆ: ಶುಗರು ಇಳಿದ ಮೇಲೆ ಬಾ.
ಶುಗರಿನ ಮಾತ್ರೆ ಹೊರಗಡೆ ತಗೋ.
ಹೊರಗಡೆ ಅಂದರೆ ಪಿಂಚಣಿಯ ದುಡ್ಡು.
ಪಿಂಚಣಿ ಅಂದರೆ ಕಣ್ಣು.
ಐದು ಲಕ್ಷದ ಕಾರ್ಡೇನೋ ಇದೆ, ಟ್ರಂಕಿನಲ್ಲಿ;
ಮಲಗಿದವರಿಗೆ ಮಾತ್ರ ನಡೆಯುತ್ತದಂತೆ.
ಎದ್ದು ಓಡಾಡುವ ಕಾಯಿಲೆಗೆ ಕಾರ್ಡಿಲ್ಲ.

ಮೊನ್ನೆ ಹೋಬಳಿಯಲ್ಲಿ ಪಿಂಚಣಿ ಅದಾಲತ್ತು.
ಶಾಮಿಯಾನ, ನೀರಿನ ಬಾಟಲಿ.
ಸಾಹೇಬರು ಒಳ್ಳೆಯವರೇ, ಅಂಕಿ ಓದಿದರು:
ಸತ್ತವರ ಹೆಸರಿನಲ್ಲಿ ಇಷ್ಟು ಹಣ ಹೋಗುತ್ತಿತ್ತು,
ಹೆಸರು ತೆಗೆದಿದ್ದೇವೆ, ಉಳಿದದ್ದು ಅರ್ಹರಿಗೆ.
ಹಿಂದಿನ ಸಾಲಿನಿಂದ ಕೆರೆಬೀದಿ ಕೆಂಚಯ್ಯ ಎದ್ದ:
"ಸ್ವಾಮಿ, ತೆಗ್ದೋರಲ್ಲಿ ನಾನೂ ಒಬ್ಬ.
ಅರ್ಜಿನ ಸತ್ತೋನು ಕೊಡ್ಬೇಕಾ, ಬದ್ಕಿರೋನು ಕೊಡ್ಬೇಕಾ?"
ಎಲ್ಲರೂ ನಕ್ಕರು. ಸಾಹೇಬರೂ ನಕ್ಕು, ಬರೆದುಕೊಂಡರು.
ಹುಟ್ಟಿದ ದಿನ? ಜನವರಿ ಒಂದು.
ನಮ್ಮ ಕಡೆ ಮುದುಕರೆಲ್ಲ ಜನವರಿ ಒಂದಕ್ಕೇ ಹುಟ್ಟಿದವರು,
ಆಧಾರಿನ ಹುಡುಗ ಒಂದೇ ಮಧ್ಯಾಹ್ನ
ಅಷ್ಟೂ ಜನರನ್ನು ಹೆತ್ತು ಊಟಕ್ಕೆ ಹೋದ.

ನನ್ನದೂ ಅದೇ ದಿನ.
ಬರುವ ಜನವರಿಗೆ ಅರವತ್ತೈದು, ಚೀಲ ಒಪ್ಪಿಸಬೇಕು.
ಮೂವತ್ತೊಂಬತ್ತು ವರ್ಷ ಊರಿನ ಪಿಂಚಣಿ ಹೊತ್ತವನಿಗೆ
ಪಿಂಚಣಿಯಿಲ್ಲ.
ಕಾಗದದಲ್ಲಿ ನಾನು ಇಲಾಖೆಯ ಹೊರಗಿನವನು,
ದಿನಕ್ಕೆ ನಾಲ್ಕು ಗಂಟೆಯವನು.
ಆ ನಾಲ್ಕು ಗಂಟೆ
ಬೆಳಿಗ್ಗೆ ಎಂಟಕ್ಕೆ ಶುರುವಾಗಿ ಸಂಜೆ ಆರಕ್ಕೆ ಮುಗಿಯುತ್ತದೆ.

ನಿನ್ನೆ ಪುಟ್ಟತಾಯಮ್ಮ
ರಾತ್ರಿಯೆಲ್ಲ ಹರಳೆಣ್ಣೆ ಹಚ್ಚಿದ ಬೆರಳು ತಂದಿದ್ದಳು.
ಆಗಲಿಲ್ಲ.
"ನೀನು ನನ್ನ ನೋಡ್ತಾ ಇಲ್ವಾ?" ಎಂದಳು.
"ನೋಡ್ತಾ ಇದೀನಿ."
"ಅಂಗಂತ ಬರ್ಕೊಡು ಮತ್ತೆ."

ಹಳೇ ಮನಿಯಾರ್ಡರ್ ಫಾರಮ್ಮಿನ ಬೆನ್ನ ಮೇಲೆ ಬರೆದೆ:
ಪುಟ್ಟತಾಯಮ್ಮ ಬದುಕಿದ್ದಾಳೆ. ಕಣ್ಣಾರೆ ಕಂಡಿದ್ದೇನೆ.
ತಾರೀಖಿನ ಮೊಹರನ್ನೂ ಬಡಿದೆ.
ಎಲ್ಲೂ ನಡೆಯುವುದಿಲ್ಲ, ಅವಳಿಗೂ ಗೊತ್ತು.
ನಾಲ್ಕು ಮಡಿಕೆ ಮಾಡಿ ಆಧಾರಿನ ಜೊತೆ ಗಂಟು ಹಾಕಿಕೊಂಡಳು.

"ಜನವರಿ ಆದ್ಮೇಲೆ ನಂಗೂ ಒಂದು ಇಂಥದ್ದು ಬೇಕಾಯ್ತದೆ" ಎಂದೆ.
"ನಂಗೆಲ್ ಬರೆಯಕ್ ಬತ್ತದೆ," ಎಂದಳು,
"ಹೆಬ್ಬೆಟ್ ಒತ್ತುತೀನಿ. ಇಂಕು ತತ್ತಾ."