ತಕ್ಕಡಿ ಸಾಹೇಬನ ಸಹಿ

ನಲವತ್ತೊಂದು ವರ್ಷ ತುರ್ಕು ಪಟ್ಟಣದ ಸಂತೆಚೌಕದಲ್ಲಿ
ನನ್ನ ಕೆಲಸ ಒಂದೇ: ತೂಕದಲ್ಲಿ ಸುಳ್ಳು ಹಿಡಿಯುವುದು.
ಹೆರಿಂಗ್ ಮೀನಿನ ತಟ್ಟೆಗೆ ಮೆಲ್ಲಗೆ ತಾಗಿದ ಹೆಬ್ಬೆರಳು,
ಅಡಿ ಕೊರೆದು ಹಗುರಾದ ಹಿತ್ತಾಳೆ ಬಟ್ಟು,
ತಟ್ಟೆಯ ಕೆಳಗೆ ಮೇಣದ ಚೂರು.
ಎಲ್ಲ ಕಂಡಿದ್ದೇನೆ. ದಂಡ ಹಾಕಿದ್ದೇನೆ,
ಅಳುತ್ತ ನಿಂತ ಆಲೂಗಡ್ಡೆ ಮುದುಕಿಗೂ.

ಈಗ ನನ್ನದೇ ರಕ್ತದಲ್ಲೊಂದು ಸಂಖ್ಯೆ.
ಆರು ಇತ್ತು. ಹದಿನಾಲ್ಕಾಯಿತು.
ಈ ಅಕ್ಟೋಬರಿಗೆ ಅರವತ್ತೆರಡು.
ಯಾರ ಹೆಬ್ಬೆರಳು ತಾಗಿದೆಯೋ ಎಂದು
ಮೂರು ಪ್ರಯೋಗಾಲಯಗಳಲ್ಲಿ ಹುಡುಕಿಸಿದೆ.
ತಾಗಿರಲಿಲ್ಲ.

ಮೂರು ತಿಂಗಳಿಗೊಮ್ಮೆ ಹೊಟ್ಟೆಗೆ ಚುಚ್ಚುಮದ್ದು.
ಹಿಮದಲ್ಲಿ ಕೋಟು ಬಿಚ್ಚಿ ಬೆವರುತ್ತ ನಿಂತರೆ
ಇರ್ಯಾ ಕಿಟಕಿಯಿಂದ ನಗುತ್ತಾಳೆ:
‘ನನ್ನದು ಇಪ್ಪತ್ತು ವರ್ಷದ ಹಿಂದೆಯೇ ಮುಗಿಯಿತು ಮಾರಾಯ,
ಆಗ ಕಿಟಕಿ ಮುಚ್ಚು ಅನ್ನುತ್ತಿದ್ದವ ನೀನು.’

ಅವಳ ತಮ್ಮ ಏಪ್ರಿಕಾಟ್ ಬೀಜದ ಪುಡಿ ತಂದ.
ಡಬ್ಬಿಯ ಮೇಲೆ ಅರ್ಧ ಕಿಲೋ ಅಂತಿತ್ತು,
ತೂಗಿದೆ: ನಾನೂರ ಮೂವತ್ತು ಗ್ರಾಂ.
ತೂಕದಲ್ಲೇ ಸುಳ್ಳು ಹೇಳುವವನು
ಗುಣದಲ್ಲಿ ನಿಜ ಹೇಳಿಯಾನೆ?
ಅವನ ಮುಖ ಬಾಡಿತು. ಪಾಪ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟು ತಂದಿದ್ದ.

ಯಾಲ್ಮಾರಿಯದು ಬೇರೆ ಕತೆ.
ದೋಣಿ ಮಾರಿ ಜರ್ಮನಿಗೆ ಹೋದ.
ಅಲ್ಲಿಂದ ಕಾರ್ಡು ಬರೆದ, ಬರೀ ಅಂಕಿ:
ತೊಂಬತ್ತು, ಹನ್ನೊಂದು, ಸೊನ್ನೆ ಪಾಯಿಂಟು ನಾಲ್ಕು.
ನಮ್ಮ ಸೌನಾ ಬೆಂಚಿನ ನಾಲ್ವರೂ ಆ ಕಾರ್ಡನ್ನು
ಹಸಿ ಕೈಯಲ್ಲಿ ಮುಟ್ಟಿ ಮುಟ್ಟಿ ಶಾಯಿ ಕದಡಿಸಿದೆವು.
ಹದಿನಾಲ್ಕು ತಿಂಗಳು.
ಎರಡು ಬೇಸಿಗೆ, ಬಾಡಿಗೆ ದೋಣಿ, ಒಂದು ಭಾರೀ ಪೈಕ್ ಮೀನು.
ಆಮೇಲೆ ಮಾರ್ಚಿನಲ್ಲಿ ನೆಲ ಹೆಪ್ಪುಗಟ್ಟಿತ್ತು,
ಗುಂಡಿ ತೋಡಲು ಯಂತ್ರ ತರಿಸಬೇಕಾಯಿತು.
ಮೋಸ ಹೋದನೆ ಅವನು? ಲಾಭವಾಯಿತೆ?
ಒಂದು ತಟ್ಟೆಯಲ್ಲಿ ದೋಣಿ, ಇನ್ನೊಂದರಲ್ಲಿ ಆ ಮೀನು.
ಮುಳ್ಳು ಇನ್ನೂ ಅಲ್ಲಾಡುತ್ತಲೇ ಇದೆ.

ಡಾಕ್ಟರ್ ಸಾರ್ನಿಯೊ ಇಪ್ಪತ್ಮೂರು ಪುಟ ಕೊಟ್ಟಳು.
ಕಣಗಳನ್ನು ಹೊತ್ತೊಯ್ದು ಗೆಡ್ಡೆಯ ಬಾಗಿಲಲ್ಲೇ ಸಿಡಿಸುವ ಮದ್ದು,
ಇನ್ನೂ ಪರೀಕ್ಷೆಯಲ್ಲಿರುವುದು.
ಯಾರಿಗೆ ಹೊಸತು, ಯಾರಿಗೆ ಹಳತು
ಕಂಪ್ಯೂಟರು ಚೀಟಿ ಎತ್ತುತ್ತದೆ.
ಮನೆಗೆ ತಂದು ಕೆಂಪು ಪೆನ್ಸಿಲಿನಲ್ಲಿ ಎಣಿಸಿದೆ:
‘ಬಹುಶಃ’ ನಲವತ್ತೇಳು ಸಲ.
‘ವಾಸಿ’ ಒಂದು ಸಲವೂ ಇಲ್ಲ.
ವಿಚಿತ್ರ. ಅದನ್ನು ನೋಡಿಯೇ ನನಗೆ ಸ್ವಲ್ಪ ನಂಬಿಕೆ ಬಂತು.

ಯಾಕೆಂದರೆ ಇದು ಯಾರಿಗೂ ಹೇಳಿಲ್ಲ:
ನನ್ನ ಕಪಾಟಿನ ಮೂಲ ಕಿಲೋ ಇತ್ತಲ್ಲ,
ಊರಿನ ಸುಳ್ಳನ್ನೆಲ್ಲ ಅಳೆದದ್ದು,
ಅದನ್ನೂ ಎರಡು ವರ್ಷಕ್ಕೊಮ್ಮೆ ಹತ್ತಿಯಲ್ಲಿ ಸುತ್ತಿ
ರಾಜಧಾನಿಗೆ ಕಳಿಸುತ್ತಿದ್ದೆ.
ವಾಪಸು ಬರುವಾಗ ಜೊತೆಗೊಂದು ಕಾಗದ:
ಇಷ್ಟು ತೂಕ; ಇಷ್ಟು ಮಿಲಿಗ್ರಾಂ ಹೆಚ್ಚೋ ಕಡಿಮೆಯೋ,
ನಮಗೆ ಗೊತ್ತಿಲ್ಲ.
ಆ ‘ಗೊತ್ತಿಲ್ಲ’ದ ಕೆಳಗೆ
ನಲವತ್ತೊಂದು ವರ್ಷ ಸಹಿ ಹಾಕಿದ್ದೇನೆ.

ಹಾಕಿದೆ ಇದಕ್ಕೂ.
ನಿಮ್ಮ ಯಂತ್ರವನ್ನು ಕಡೆಯ ಸಲ ತಾಳೆ ನೋಡಿದ್ದು ಯಾವಾಗ ಎಂದೆ.
ನರ್ಸು ಬಗ್ಗಿ ಚೀಟಿ ಓದಿದಳು: ಆಗಸ್ಟ್.
ಸರಿ ಎಂದು ತೋಳು ಚಾಚಿದೆ.
ಚೀಟಿಯಲ್ಲಿ ಹೊಸತೇ ಬಂದಿತ್ತು.

ಮೂರು ದಿನ ನನ್ನ ಮೈಯಿಂದ ಏನೋ ಸೂಸುತ್ತದಂತೆ.
ಮಕ್ಕಳು ಎರಡು ಮೀಟರ್ ದೂರ.
ಉಕ್ಕಿನ ಟೇಪು ಹಿಡಿದು ನಾನೇ ಅಳೆದೆ,
ಹಾಲಿನ ನೆಲಕ್ಕೆ ಸೀಮೆಸುಣ್ಣದ ಗೆರೆ.
ಮೊಮ್ಮಗಳು ಕೆರ್ತು ಉಣ್ಣೆ ಕಾಲುಚೀಲ ಕಳಚಿ
ಗೆರೆಗೆ ಪಾದ ತಾಗಿಸಿ ನಿಂತಳು, ಒಳ್ಳೆ ಸಿಪಾಯಿಯ ಹಾಗೆ.
ಹಲ್ಲು ಬಿದ್ದ ಕತೆ ಹೇಳುತ್ತ ಹೇಳುತ್ತ
ಕಾಲಿನ ಹೆಬ್ಬೆರಳು ಮೆಲ್ಲಗೆ
ಗೆರೆ ದಾಟಿತು.

ಕಂಡಿತು ನನಗೆ.
ದಂಡ ಹಾಕಲಿಲ್ಲ.
ನಾನೇ ಕುರ್ಚಿಯನ್ನು ಆ ಹೆಬ್ಬೆರಳಿನಷ್ಟು
ಹಿಂದಕ್ಕೆ ಸರಿಸಿದೆ.