ಬಾಡಿಗೆಗೆ ಬದಲು

ಎರಡು ತಿಂಗಳ ಬಾಡಿಗೆಗೆ ಬದಲು
ಮಾರಿಷಸ್ಸಿನ ಹುಡುಗ ಬಿಟ್ಟುಹೋದದ್ದು
ಒಂದು ಬೂಟಿನ ಡಬ್ಬಿ, ಮೂವತ್ತೊಂದು ಕ್ಯಾಸೆಟ್ಟು.
ಹಲ್ಲಿನ ಕಾಲೇಜು ಮುಗಿದಿತ್ತು, ಬಾಗಿಲಲ್ಲಿ ಆಟೊ ನಿಂತಿತ್ತು.
'ಫ್ರೀ ಜಾಝ್, ಆಂಟೀ' ಅಂದ.
ಫ್ರೀ ಅಂದರೆ ಪುಕ್ಕಟೆ ಅಂತ ತಿಳಿದು
ಸುಮ್ಮನೆ ಇಟ್ಟುಕೊಂಡೆ.

ಚೀಟಿಗಳನ್ನು ಹುಳ ತಿಂದಿವೆ.
ಯಾರು ಊದಿದರೋ, ಯಾವ ಊರಲ್ಲೋ.
ಗಾದಿ ಬಟ್ಟೆಯ ಅಂಚು ಹರಿದು ಅಂಟಿಸಿ
ಹೆಸರು ನಾನೇ ಇಟ್ಟಿದ್ದೇನೆ:
ಇದು ಕುಕ್ಕರ್. ಇದು ಮಂಡಿಪೇಟೆ ಸಂಜೆ ಆರು.
ಇದು ಚಿಕ್ಕಮ್ಮ ಮಾತು ಬಿಟ್ಟ ವರ್ಷ.
ಇದೊಂದಕ್ಕೆ ಇನ್ನೂ ಹೆಸರು ಹತ್ತಿಲ್ಲ, ಹದಿನಾಲ್ಕು ವರ್ಷವಾಯಿತು.

ನನಗೆ ಸೇರುವುದು ಹೇಳುತ್ತೇನೆ.
ಊದುವವನ ದಮ್ಮು ತೀರಿ, ಸ್ವರ ಹೋಗಿ,
ಬರೀ ಗಾಳಿ ಹಿತ್ತಾಳೆಯೊಳಗೆ ದಾರಿ ಹುಡುಕುವುದು.
ಯಾರದೋ ಕುರ್ಚಿ ಕಿರುಗುಟ್ಟಿದರೆ
ಪಿಯಾನೊದವಳು ಅದಕ್ಕೂ ಉತ್ತರ ಕೊಡುವುದು.
ಹೆಂಗಸೇ ಅಂತ ಹೇಗೆ ಗೊತ್ತು ಅನ್ನಬೇಡಿ, ಗೊತ್ತು.
ನಡುವೆ ಒಮ್ಮೆ ಬಳೆ ತಾಕುತ್ತದೆ.

ಸೇರದ್ದು:
ಡ್ರಮ್ಮಿನವನಿಗೆ ಇದ್ದಕ್ಕಿದ್ದಂತೆ ತಾಳ ಸಿಕ್ಕಿಬಿಡುವುದು,
ಕಳೆದ ಎಮ್ಮೆ ಕಂಡವರಂತೆ ಉಳಿದವರು ಅದರ ಹಿಂದೆ ಓಡುವುದು.
ಮೂವರೂ ಒಟ್ಟಿಗೆ ನಿಲ್ಲಿಸುವುದು, ಮೊದಲೇ ಮಾತಾಡಿಕೊಂಡ ಹಾಗೆ.
ಚಪ್ಪಾಳೆ.

ಇನ್ನು ಆ ಕುಕ್ಕರ್.
ಹುಡುಗ ಅದನ್ನು ತಲೆಮೇಲೆ ಹೊತ್ತು ಮೆರೆಸುತ್ತಿದ್ದ.
ನಲವತ್ತು ನಿಮಿಷ ಒಬ್ಬನೇ ಸ್ಯಾಕ್ಸೋಫೋನಿನಲ್ಲಿ ಕಿರುಚುತ್ತಾನೆ.
ಮೂರು ಸಲ ಪೂರ್ತಿ ಕೇಳಿದೆ, ಅನ್ಯಾಯ ಆಗಬಾರದು ಅಂತ.
ಸಿಟ್ಟು ನಿಜದ್ದೇ, ಇಲ್ಲ ಅನ್ನುವುದಿಲ್ಲ.
ಆದರೆ ಎದುರಿಗೆ ಯಾರೂ ಇಲ್ಲ.
ನಮ್ಮ ಓಣಿಯ ನಲ್ಲಿ ಜಗಳದಲ್ಲಿ
ಒಂದು ಕೊಡ ತುಂಬುವಷ್ಟು ಹೊತ್ತು ನಿಲ್ಲಲಾರ ಅವನು.

ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ಊದೀ ಊದೀ
ಮುಂದಿನ ಎರಡು ಹಲ್ಲು ಸಡಿಲಾದ ಭಜಂತ್ರಿ ಸಣ್ಣೀರಪ್ಪ
ಆಷಾಢ ಪೂರ್ತಿ ಅಂಗಡಿಗೆ ಬರುತ್ತಾನೆ, ಲಗ್ನವಿಲ್ಲ,
ಪೇಪರಿನ ಪೊಟ್ಟಣದಲ್ಲಿ ಮಂಡಕ್ಕಿ, ಎರಡು ಮಿರ್ಚಿ.
ಮೊದಲ ದಿನ ಕಣ್ಣು ಮುಚ್ಚಿ ಕೇಳಿ ಅಂದ:
'ಇವನಿಗೆ ಬರಾದಿಲ್ಲ ಅಂದ್ಕಂಡ್ಯಾ ಹೊನ್ನೂರಮ್ಮ? ಎಲ್ಲಾ ಬರ್ತತಿ.
ಬರಾದನ್ನ ಚಪ್ಲಿ ಜತಿ ಬಾಗ್ಲಾಚೆ ಬಿಟ್ಟು ಬಂದಾನ.'

ಟೇಪಿಗೆ ಬೂಷ್ಟು ಹಿಡಿದಿದೆ, ಕೆಲವು ಬಿಸಿಲಿಗೆ ಹಿಗ್ಗಿವೆ.
ಆ ಗೊರಗೊರ ಊದಿದವನದೋ ಬೂಷ್ಟಿನದೋ
ಈಗ ಬೇರೆ ಮಾಡಲಾರೆ.
ಹತ್ತಿಯ ಕಸ ಆರಿಸಿದ ಮನೆತನ ನಮ್ಮದು,
ಇದೊಂದು ಕೈಲಾಗಲಿಲ್ಲ.

ಹೆಸರು ಹತ್ತದ ಆ ಕ್ಯಾಸೆಟ್ಟಿನಲ್ಲಿ
ಆಳೆತ್ತರದ ಪಿಟೀಲು ಒಂದೇ ಇದೆ.
ಉಜ್ಜುವುದಿಲ್ಲ ಅವನು, ತಂತಿಗೆ ಕೋಲಿನಿಂದ ಹೊಡೆಯುತ್ತಾನೆ,
ಡೊಂಯ್, ಡೊಡೊಂಯ್,
ಆಮೇಲೆ ಬಹಳ ಹೊತ್ತು ಏನಿಲ್ಲ,
ಡೊಂಯ್.
ಹೊಂಡದ ಸರ್ಕಲ್ಲಿನ ಓಣಿಗಳಲ್ಲಿ
ಹಿಂಜುವ ಬಿಲ್ಲು ಹೆಗಲಿಗೆ ಹಾಕಿಕೊಂಡು ಅಪ್ಪ
ಹೆದೆ ಮೀಟಿ ಗಿರಾಕಿ ಕರೆಯುತ್ತಿದ್ದದ್ದು ಹೀಗೆ.
ಎಣಿಸಿ ಮೀಟಿದ್ದು ನಾನು ಕಂಡಿಲ್ಲ.
ಇದನ್ನು ಇಷ್ಟ ಅನ್ನಲಾರೆ.
ಮನೆಯವರ ಕೆಮ್ಮು ನಿನಗಿಷ್ಟವೇ
ಅಂತ ಯಾರಾದರೂ ಕೇಳುತ್ತಾರೆಯೇ?

ಬಿಲ್ಲು ಮೊಳೆಗೆ ತೂಗಿದೆ. ಹಿಂಜುವುದು ಈಗ ಮಿಷಿನ್ನು,
ಅದು ತಾಳ ತಪ್ಪುವುದಿಲ್ಲ.

ನಿನ್ನೆ ಸಣ್ಣೀರಪ್ಪ ಮಿರ್ಚಿ ಅರ್ಧಕ್ಕೆ ಕಚ್ಚಿ ಕೈ ಎತ್ತಿದ:
'ಆ ತಪ್ಪು ಇನ್ನೊಂದ್ಸಲ ಹಾಕು.'
ಹಿಂದಕ್ಕೆ ತಿರುಗಿಸಿದೆ, ಜಾಸ್ತಿಯಾಯಿತು,
ನನಗೆ ಸೇರದ ಆ ತಾಳದ ನಡುವೆ ಹೋಗಿ ಬಿದ್ದೆವು.
ಇಬ್ಬರೂ ಗುಂಡಿ ಒತ್ತಲಿಲ್ಲ.
ಐದು ಕೆಜಿ ಗಾದಿಗೆ ಎಷ್ಟು ಅಂತ
ಬಾಗಿಲಲ್ಲಿ ಗಿರಾಕಿಯೊಬ್ಬ ಎರಡು ಸಲ ಕೇಳಿದ.
ಸಣ್ಣೀರಪ್ಪ ಅವನತ್ತ ಮಂಡಕ್ಕಿ ಚಾಚಿದ:
'ತಡಿಯಪ್ಪಾ, ಈಗ ಬರ್ತತಿ.'